ಸರ್ಕಲ್‌ನಲ್ಲಿ ಗಾಡಿ ಜಾರದಂತೆ ಸುತ್ತುವುದು ಹೇಗೆ: ಒದ್ದೆ ರಸ್ತೆ, ಡೀಸೆಲ್, ಜಲ್ಲಿ ಮತ್ತು ನಿಮ್ಮ ಟೈರು

ನಾನು ಸರ್ಕಲ್‌ನಲ್ಲಿ ಬೈಕ್ ಸಮೇತ ಬಿದ್ದ ದಿನ ವೇಗ ಗಂಟೆಗೆ 30 ಕಿ.ಮೀ. ದಾಟಿರಲಿಲ್ಲ. ಮಳೆ ಶುರುವಾಗಿ ಹತ್ತು ನಿಮಿಷ ಆಗಿತ್ತು ಅಷ್ಟೇ. ಹ್ಯಾಂಡಲ್ ಒಂದು ಕ್ಷಣ ಹಗುರಾದ ಹಾಗೆ ಅನ್ನಿಸಿತು. ಮರುಕ್ಷಣ ನಾನು ರಸ್ತೆ ಮೇಲೆ ಸೊಂಟ ಊರಿ ಜಾರಿಕೊಂಡು ಹೋಗುತ್ತಿದ್ದೆ, ಬೈಕು ನನಗಿಂತ ಎರಡು ಮಾರು ಮುಂದೆ. ಎದ್ದು ನಿಲ್ಲಲು ಹೋದರೆ ಶೂ ಕೂಡ ಜಾರಿತು. ಬಗ್ಗಿ ಬೆರಳಿನಿಂದ ಡಾಂಬರು ಉಜ್ಜಿ ನೋಡಿದೆ. ಕಪ್ಪಗೆ, ಜಿಡ್ಡು ಜಿಡ್ಡಾಗಿತ್ತು. ಮೂಸಿದರೆ ಡೀಸೆಲ್ ವಾಸನೆ.

ಬಹಳ ದಿನ ಎಲ್ಲರ ಹತ್ತಿರವೂ ಡೀಸೆಲ್ ಮೇಲೇ ತಪ್ಪು ಹೊರಿಸಿದೆ. ಆಮೇಲೆ ಕೂತು ಯೋಚಿಸಿದಾಗ ನೆನಪಾಯಿತು: ಬಲಕ್ಕೆ ವಾಲಿದ್ದಾಗಲೇ ನಾನು ಮುಂದಿನ ಬ್ರೇಕ್ ಹಿಡಿದಿದ್ದೆ. ಯಾಕೆ ಹಿಡಿದೆ? ಒಳಗೆ ಬಂದ ವೇಗ ಜಾಸ್ತಿ ಅನ್ನಿಸಿತು. ಜಾಸ್ತಿ ವೇಗದಲ್ಲಿ ಒಳಗೆ ಬಂದದ್ದು ಯಾಕೆ? ಸರ್ಕಲ್ ಖಾಲಿ ಕಂಡಿತು. ಅಂದರೆ ನಾನು ಬಿದ್ದದ್ದು ಸರ್ಕಲ್‌ನಲ್ಲಿ, ಆದರೆ ತಪ್ಪು ಮಾಡಿದ್ದು ಅದಕ್ಕೆ ಮುಂಚಿನ ಐವತ್ತು ಮೀಟರ್‌ನಲ್ಲಿ. ಈ ಬರಹದ ಬಹುಪಾಲು ಆ ಐವತ್ತು ಮೀಟರ್ ಬಗ್ಗೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರೆದದ್ದು ಎಡಗಡೆ ಓಡಿಸುವ ದೇಶಗಳ ಲೆಕ್ಕದಲ್ಲಿ. ಅಲ್ಲಿ ಸರ್ಕಲ್ ಸುತ್ತುವುದು ಪ್ರದಕ್ಷಿಣೆಯ ದಿಕ್ಕಿನಲ್ಲಿ, ನಡುವಿನ ದ್ವೀಪ ನಿಮ್ಮ ಬಲಕ್ಕೆ. ಬಲಗಡೆ ಓಡಿಸುವ ದೇಶದಲ್ಲಿದ್ದರೆ ಎಡ-ಬಲ ಅದಲುಬದಲು ಮಾಡಿಕೊಂಡು ಓದಿ.

ಸರ್ಕಲ್‌ಗಳೇ ಯಾಕೆ ಜಾಸ್ತಿ ಜಾರುತ್ತವೆ?

ನೇರ ರಸ್ತೆಯಲ್ಲಿ ಟೈರು ಸುಮ್ನೆ ಉರುಳಿಕೊಂಡು ಹೋಗುತ್ತದೆ. ಸರ್ಕಲ್‌ನಲ್ಲಿ ಹಾಗಲ್ಲ. ಬರುವ ಪ್ರತಿ ಗಾಡಿಯೂ ಹತ್ತಿರ ಬರುತ್ತಾ ಬ್ರೇಕ್ ಹಾಕುತ್ತದೆ. ಒಳಗೆ ಟೈರನ್ನು ಅಡ್ಡಕ್ಕೆ ಉಜ್ಜುತ್ತಾ ತಿರುಗುತ್ತದೆ. ಹೊರಡುವಾಗ ಆಕ್ಸಿಲರೇಟರ್ ಒತ್ತುತ್ತದೆ. ದಿನಕ್ಕೆ ಸಾವಿರಾರು ಗಾಡಿ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಜಾಡಿನಲ್ಲಿ. ಡಾಂಬರಿನಲ್ಲಿರುವ ಜಲ್ಲಿಕಲ್ಲಿನ ಮೊನೆ ಸವೆದು ಸವೆದು ಹೊಳೆಯ ಉರುಟು ಕಲ್ಲಿನ ಹಾಗೆ ನುಣುಪಾಗುತ್ತದೆ. ಎಂಜಿನಿಯರ್‌ಗಳು ಕಲ್ಲು ಎಷ್ಟರ ಮಟ್ಟಿಗೆ ನುಣುಪಾಗುತ್ತದೆ ಎಂದು ಪರೀಕ್ಷೆ ಮಾಡಿ ಅದಕ್ಕೆ ಪಿಎಸ್‌ವಿ ಅನ್ನುವ ಅಂಕಿ ಕೊಡುತ್ತಾರೆ. ಅಂಕಿ ಜಾಸ್ತಿ ಇದ್ದಷ್ಟೂ ಕಲ್ಲು ತನ್ನ ಒರಟುತನ ಉಳಿಸಿಕೊಳ್ಳುತ್ತದೆ. ಎಂಥಾ ಕಲ್ಲು ಹಾಕಿದರೂ ಸರ್ಕಲ್‌ನ ಬಾಯಿ ಮಾತ್ರ ಬೇರೆ ಕಡೆಗಿಂತ ಬೇಗ ಸವೆಯುತ್ತದೆ.

ರಸ್ತೆಯ ಒರಟಿನಲ್ಲಿ ಎರಡು ಬಗೆ ಇದೆ. ಒಂದು ಕಣ್ಣಿಗೆ ಕಾಣುವುದು, ಕಲ್ಲು ಕಲ್ಲುಗಳ ನಡುವಿನ ಸಂದು. ಮಳೆನೀರು ಹರಿದುಹೋಗುವುದು ಅದರ ಮೂಲಕ. ಇನ್ನೊಂದು ಕಲ್ಲಿನ ಮೈಮೇಲೇ ಇರುವ ಸಣ್ಣ ತರಿ, ಮರಳು ಕಾಗದ ಮುಟ್ಟಿದ ಹಾಗೆ ಇರುವಂಥದ್ದು. ಉಳಿದ ತೆಳು ನೀರಿನ ಪೊರೆಯನ್ನು ಚುಚ್ಚಿಕೊಂಡು ಟೈರಿಗೆ ತಾಗುವುದು ಈ ತರಿ. ಸರ್ಕಲ್‌ನ ಕಡಿಮೆ ವೇಗದಲ್ಲಿ ಕಾಪಾಡುವುದು ಮುಖ್ಯವಾಗಿ ಇದೇ, ಮತ್ತು ಅಲ್ಲಿ ಮೊದಲು ಸವೆದು ಹೋಗುವುದೂ ಇದೇ. ಹಾಗಾಗಿ ರಸ್ತೆ ನೋಡೋಕೆ ಚೆನ್ನಾಗಿದೆ, ಗುಂಡಿ ಇಲ್ಲ ಅಂದಮಾತ್ರಕ್ಕೆ ಹಿಡಿತ ಇದೆ ಅಂತ ಅಲ್ಲ. ಹೊಚ್ಚಹೊಸ ಡಾಂಬರೂ ಮೋಸ ಮಾಡುತ್ತದೆ. ಕಲ್ಲಿನ ಮೇಲೆ ಟಾರಿನ ತೆಳು ಪದರ ಕೂತಿರುತ್ತದೆ. ಗಾಡಿಗಳು ಓಡಿ ಓಡಿ ಅದು ಸವೆಯುವವರೆಗೆ ಕಲ್ಲಿನ ತರಿ ಹೊರಗೇ ಬಂದಿರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸಿರುವುದಿಲ್ಲ. ಹೆದ್ದಾರಿಯ ತಿರುವಿನಲ್ಲಿ ರಸ್ತೆ ಒಳಗಡೆಗೆ ವಾಲಿರುತ್ತದೆ, ಗಾಡಿಗೆ ಆಸರೆ ಕೊಡುವ ಹಾಗೆ. ಹೆಚ್ಚಿನ ಸರ್ಕಲ್‌ಗಳಲ್ಲಿ ಇದು ಉಲ್ಟಾ. ನೀರು ಹೊರಗೆ ಹರಿದುಹೋಗಲಿ ಅಂತ ರಸ್ತೆಯನ್ನು ನಡುವಿನ ದ್ವೀಪದಿಂದ ಹೊರಗಡೆಗೆ ಇಳಿಜಾರು ಮಾಡಿರುತ್ತಾರೆ, ಸಾಮಾನ್ಯವಾಗಿ ನೂರಕ್ಕೆ ಎರಡರಷ್ಟು. ಗಾಡಿ ಹೊರಗೆ ಎಳೆಯುತ್ತಿರುವಾಗ ರಸ್ತೆಯೂ ಹೊರಗೇ ತಳ್ಳುತ್ತದೆ.

ಆಮೇಲೆ ಡೀಸೆಲ್. ಟ್ಯಾಂಕ್ ಕಂಠಮಟ್ಟ ತುಂಬಿಸಿಕೊಂಡ ಲಾರಿ, ಮುಚ್ಚಳ ಸಡಿಲ. ನೇರ ರಸ್ತೆಯಲ್ಲಿ ಒಂದು ಹನಿಯೂ ಚೆಲ್ಲುವುದಿಲ್ಲ. ಸರ್ಕಲ್‌ನಲ್ಲಿ ತಿರುಗಿತೋ, ಎಣ್ಣೆ ಕುಲುಕಿ ಹೊರಗೆ ಬರುತ್ತದೆ. ಅದಕ್ಕೇ ಡೀಸೆಲ್ ಕಲೆಗಳು ತಿರುವಿನಲ್ಲೇ ಸಿಗುವುದು. ಪೆಟ್ರೋಲ್ ಚೆಲ್ಲಿದರೆ ಬೇಗ ಆರಿ ಹೋಗುತ್ತದೆ. ಡೀಸೆಲ್ ಹಾಗಲ್ಲ, ಕೂತೇ ಇರುತ್ತದೆ. ಮೇಲೆ ನೀರು ಬಿದ್ದರೆ ಹರಡಿಕೊಂಡು ಇನ್ನೂ ದೊಡ್ಡ ಜಾಗ ಆವರಿಸುತ್ತದೆ.

ಸ್ವಲ್ಪ ಲೆಕ್ಕ

ಗಣಿತ ಬೇಡ ಅನ್ನುವವರು ಇದನ್ನು ದಾಟಿ ಮುಂದೆ ಹೋಗಬಹುದು. ಆದರೆ ನನ್ನ ಅಭ್ಯಾಸ ಬದಲಾದದ್ದು ಬಿದ್ದ ಪೆಟ್ಟಿನಿಂದಲ್ಲ, ಈ ಲೆಕ್ಕದಿಂದ.

ಒಣಗಿದ ಒಳ್ಳೇ ಡಾಂಬರಿನ ಮೇಲೆ ಟೈರು ಗಾಡಿಯ ತೂಕದ ಸುಮಾರು 0.7 ಪಾಲಿನಷ್ಟು ಬಲ ತಡೆದುಕೊಳ್ಳುತ್ತದೆ. ಒದ್ದೆಯಾದರೆ 0.4ರಿಂದ 0.5. ಗಟ್ಟಿಯಾಗಿ ಕೂತ ಹಿಮದ ಮೇಲೆ ಸುಮಾರು 0.2, ಮಂಜುಗಡ್ಡೆಯ ಮೇಲೆ 0.1ರ ಆಸುಪಾಸು. ಸವೆದು ನುಣುಪಾದ ರಸ್ತೆ ಒದ್ದೆಯಾದರೆ, ಅಥವಾ ಎಣ್ಣೆ ಬಿದ್ದರೆ, ಒದ್ದೆ ರಸ್ತೆಯ ಅಂಕಿಗಿಂತ ಇನ್ನೂ ಕೆಳಗೆ ಇಳಿಯುತ್ತದೆ.

ಈಗ ಸರ್ಕಲ್ ಎಷ್ಟು ಕೇಳುತ್ತದೆ ನೋಡೋಣ. ನೀವು ಸುತ್ತುವ ದಾರಿ 20 ಮೀಟರ್ ತ್ರಿಜ್ಯದ್ದು ಅಂದುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬೇಕಾಗುವ ಹಿಡಿತ 0.16. 25ರಲ್ಲಿ 0.25. 30ರಲ್ಲಿ 0.35. 35ರಲ್ಲಿ 0.48. 40ರಲ್ಲಿ 0.63. ವೇಗ ಇಮ್ಮಡಿ ಆದರೆ ಬೇಕಾಗುವ ಹಿಡಿತ ನಾಲ್ಕು ಪಟ್ಟು ಆಗುತ್ತದೆ.

30 ಮತ್ತು 35ರ ನಡುವೆ ಏನಾಯಿತು ನೋಡಿದಿರಾ? ಒದ್ದೆ ರಸ್ತೆ 0.45 ಕೊಡುತ್ತದೆ ಅಂದರೆ, 30ರಲ್ಲಿ ಆರಾಮಾಗಿ ಸುತ್ತಿ ಹೋಗುತ್ತೀರಿ, 35ರಲ್ಲಿ ಹೊರಗೆ ಜಾರುತ್ತೀರಿ. ಐದೇ ಕಿಲೋಮೀಟರ್ ವ್ಯತ್ಯಾಸ. ಮೀಟರ್ ನೋಡದೆ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಒಣ ರಸ್ತೆಯಲ್ಲಿ ದಿನಾ 40ರಲ್ಲಿ ಸುತ್ತಿ ಅಭ್ಯಾಸ ಆದವನು ಮಳೆಯಲ್ಲಿ 'ನಿಧಾನ' ಅಂದುಕೊಂಡು 35ಕ್ಕೆ ಇಳಿಸುತ್ತಾನೆ. ಅದು ಸಾಲುವುದಿಲ್ಲ.

ಇನ್ನು ಬ್ರೇಕಿನ ವಿಷಯ. ಟೈರಿನ ಹಿಡಿತ ಒಂದೇ ಕಿಸೆಯ ದುಡ್ಡು ಇದ್ದ ಹಾಗೆ. ತಿರುಗೋಕೆ, ಬ್ರೇಕಿಗೆ, ವೇಗ ಏರಿಸೋಕೆ, ಮೂರಕ್ಕೂ ಅದರಿಂದಲೇ ಖರ್ಚು. 0.45 ಇರುವ ರಸ್ತೆಯಲ್ಲಿ ತಿರುವಿಗೇ 0.35 ಖರ್ಚು ಮಾಡಿದರೆ ಬ್ರೇಕಿಗೆ ಉಳಿಯುವುದು ಸುಮಾರು 0.28. (ಇದು ಸಾದಾ ಕಳೆಯುವ ಲೆಕ್ಕ ಅಲ್ಲ. ಎರಡು ಬಲ ಒಂದಕ್ಕೊಂದು ಅಡ್ಡ ಇರುವುದರಿಂದ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕ ಬರುತ್ತದೆ.) ಬ್ರೇಕನ್ನು ಅದಕ್ಕಿಂತ ಜೋರಾಗಿ ಹಿಡಿದರೆ ಟೈರು ಎರಡೂ ಕೆಲಸ ಬಿಟ್ಟುಬಿಡುತ್ತದೆ. ನನಗೆ ಆದದ್ದು ಅದೇ.

ಹಂತ 1: ಹೊರಡುವ ಮುಂಚೆ ಟೈರು ಮುಟ್ಟಿ ನೋಡಿ

ಕಾರಿನ ಒಂದೊಂದು ಟೈರು ರಸ್ತೆಗೆ ತಾಗುವ ಜಾಗ ನಿಮ್ಮ ಅಂಗೈಯಷ್ಟು. ಬೈಕಿನದು ಅದಕ್ಕಿಂತಲೂ ಚಿಕ್ಕದು. ಇಡೀ ಗಾಡಿ ನಿಂತಿರುವುದು ಅಷ್ಟರ ಮೇಲೆ.

ಕಾರಿನ ಹೊಸ ಟೈರಿನ ಗೆರೆ ಸುಮಾರು 8 ಮಿ.ಮೀ. ಆಳ ಇರುತ್ತದೆ. ಹಲವು ದೇಶಗಳಲ್ಲಿ ಕಾನೂನು ಒಪ್ಪುವ ಕನಿಷ್ಠ 1.6 ಮಿ.ಮೀ. ಗೆರೆಯ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ, ಬೆರಳು ಹಾಕಿದರೆ ಸಿಗುತ್ತದೆ. ಟೈರಿನ ಮೈ ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು ಅಂತಲೇ ಅರ್ಥ. ನನ್ನನ್ನು ಕೇಳಿದರೆ ಮಳೆಯಲ್ಲಿ ಓಡಾಡುವವರು 3 ಮಿ.ಮೀ. ಇರುವಾಗಲೇ ಬದಲಾಯಿಸುವುದು ಒಳ್ಳೆಯದು. ಕಾನೂನು ಹೇಳುವುದು ದಂಡ ತಪ್ಪಿಸಿಕೊಳ್ಳುವ ಮಿತಿ, ಜಾರದೆ ಇರುವ ಮಿತಿ ಅಲ್ಲ.

ಗೆರೆ ಚೆನ್ನಾಗಿದ್ದೂ ರಬ್ಬರ್ ಗಟ್ಟಿಯಾಗಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. 2321 ಅಂತ ಇದ್ದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಒಂದು ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕ ನೋಡಿ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಗಾಡಿಯ ಟೈರಿಗೆ ಉಗುರು ಒತ್ತಿ ನೋಡಿ. ಪ್ಲಾಸ್ಟಿಕ್ ಹಾಗೆ ಅನ್ನಿಸಿದರೆ, ಸಣ್ಣ ಸಣ್ಣ ಬಿರುಕು ಕಂಡರೆ, ಅದು ಒದ್ದೆ ರಸ್ತೆಗೆ ಆಗಿಬರುವುದಿಲ್ಲ.

ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಿ. ಎರಡೇ ಹೊಸ ಟೈರು ಹಾಕಿಸುತ್ತಿದ್ದರೆ ಅವನ್ನು ಕಾರಿನ ಹಿಂದಕ್ಕೆ ಹಾಕಿಸಿ. ಎಂಜಿನ್ ಎಳೆಯುವುದು ಮುಂದಿನ ಚಕ್ರ ಆದರೂ ಸರಿ. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಸಾವರಿಸಿಕೊಳ್ಳಬಹುದು. ಹಿಂದಿನದು ಜಾರಿದರೆ ಗಿರಕಿ ಹೊಡೆಯುತ್ತದೆ. ಬೈಕಿಗೆ ಹೊಸ ಟೈರು ಹಾಕಿಸಿದವರು ಮೊದಲ 100–150 ಕಿ.ಮೀ. ಸರ್ಕಲ್‌ಗಳಲ್ಲಿ ಜಾಸ್ತಿ ವಾಲಬೇಡಿ, ಹೊಸ ರಬ್ಬರಿನ ಮೈ ನುಣುಪಾಗಿರುತ್ತದೆ. ಟೈರಿಗೆ ಹೊಳಪು ಬರಿಸುವ ಪಾಲಿಶ್ ಹಚ್ಚುವವರಿದ್ದಾರಲ್ಲ, ಅದನ್ನು ಬೈಕಿನ ಟೈರಿನ ಹತ್ತಿರಕ್ಕೂ ಬಿಡಬೇಡಿ.

ಹಂತ 2: ದೂರದಿಂದಲೇ ರಸ್ತೆ ಓದಿ

ಸರ್ಕಲ್ ಹತ್ತಿರ ಬಂದಾಗ ಎಲ್ಲರ ಕಣ್ಣೂ ಬಲಕ್ಕೆ ಹೋಗುತ್ತದೆ, ಗಾಡಿ ಬರುತ್ತಿದೆಯಾ ಅಂತ. ಅದು ಬೇಕೇ ಬೇಕು. ಆದರೆ ಅದಕ್ಕೂ ಮುಂಚೆ, ನೂರು ಮೀಟರ್ ದೂರ ಇರುವಾಗ, ಒಂದೆರಡು ಸೆಕೆಂಡ್ ನೆಲ ನೋಡಿ.

ಬಣ್ಣ ಬದಲಾಗಿದೆಯಾ? ಉಳಿದ ರಸ್ತೆ ಬೂದು ಬಣ್ಣ, ಒಂದು ಕಡೆ ಮಾತ್ರ ಕಪ್ಪು ಗೆರೆ ಎಳೆದ ಹಾಗೆ ಇದ್ದರೆ ಅದು ಎಣ್ಣೆ ಇರಬಹುದು. ಒದ್ದೆ ರಸ್ತೆಯ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಅನುಮಾನವೇ ಬೇಡ. ಹೆಲ್ಮೆಟ್ ಒಳಗೆ ಡೀಸೆಲ್ ವಾಸನೆ ಬಂದರೂ ಅಷ್ಟೇ, ಕಣ್ಣಿಗಿಂತ ಮೂಗು ಎಷ್ಟೋ ಸಲ ಮೊದಲು ಹೇಳುತ್ತದೆ. ರಾತ್ರಿ ಹೊತ್ತು ಎದುರಿನ ದೀಪದಲ್ಲಿ ರಸ್ತೆ ಕನ್ನಡಿ ಹಾಗೆ ಹೊಳೆದರೆ ಅಲ್ಲಿ ತರಿ ಸವೆದಿದೆ, ಅಥವಾ ನೀರು ನಿಂತಿದೆ.

ಜಲ್ಲಿಪುಡಿ, ಮರಳು ಎಲ್ಲಿ ಸೇರುತ್ತವೆ ಅನ್ನುವುದಕ್ಕೂ ಒಂದು ಕ್ರಮ ಇದೆ. ಟೈರು ಓಡುವ ಜಾಡಿನಿಂದ ಅವು ಪಕ್ಕಕ್ಕೆ ಸಿಡಿಯುತ್ತವೆ. ಹಾಗಾಗಿ ಸರ್ಕಲ್‌ನ ಹೊರ ಅಂಚಿನಲ್ಲಿ, ಎರಡು ಲೇನ್‌ಗಳ ನಡುವೆ, ಒಳಬರುವ ಮತ್ತು ಹೊರಹೋಗುವ ದಾರಿಯ ನಡುವಿನ ಮೂಲೆಯಲ್ಲಿ ಗುಡ್ಡೆಯಾಗುತ್ತವೆ. ಕಾರುಗಳ ಚಕ್ರ ಓಡಿದ ಜಾಡು ನುಣುಪಾಗಿರಬಹುದು, ಆದರೆ ಸ್ವಚ್ಛವಾಗಿರುತ್ತದೆ. ಎರಡು ಜಾಡಿನ ನಡುವಿನ ಪಟ್ಟಿಯಲ್ಲಿ ಎಂಜಿನ್‌ಗಳಿಂದ ತೊಟ್ಟಿಕ್ಕಿದ ಎಣ್ಣೆ ಇರುತ್ತದೆ. ಬೈಕಿನವರಿಗೆ ಒಳ್ಳೇ ಜಾಗ ಅಂದರೆ ಸಾಮಾನ್ಯವಾಗಿ ಕಾರಿನ ಚಕ್ರದ ಜಾಡು, ಲೇನಿನ ನಟ್ಟನಡುವೆ ಅಲ್ಲ.

ಬಿಳಿ ಪಟ್ಟೆ, ಬಾಣದ ಗುರುತು, ಜೀಬ್ರಾ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಕಬ್ಬಿಣದ ಹಲಗೆ, ಉದುರಿದ ಎಲೆ. ಇವೆಲ್ಲ ಒಣಗಿದ್ದಾಗ ಲೆಕ್ಕಕ್ಕೇ ಬರುವುದಿಲ್ಲ, ಒದ್ದೆಯಾದಾಗ ಸೋಪು ಹಚ್ಚಿದ ಹಾಗೆ. ಕೆಲವು ಸರ್ಕಲ್‌ಗಳಲ್ಲಿ ನಡುವಿನ ದ್ವೀಪದ ಸುತ್ತ ಸ್ವಲ್ಪ ಎತ್ತರದ ಕಲ್ಲು ಹಾಸಿನ ಅಂಚು ಇರುತ್ತದೆ. ಅದು ಉದ್ದ ಲಾರಿಗಳ ಹಿಂಚಕ್ರ ಹತ್ತಿಹೋಗಲಿ ಅಂತ ಮಾಡಿದ್ದು. ಬೈಕಿನಲ್ಲಿ ಅದನ್ನು ಶಾರ್ಟ್‌ಕಟ್ ಮಾಡಲು ಹೋಗಬೇಡಿ.

ಮಳೆಯ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳುತ್ತೇನೆ, ಗೊತ್ತಿದ್ದೂ ನಾನೇ ಬಿದ್ದವನು. ಬಹಳ ದಿನ ಬಿಸಿಲು ಕಾದು ಆಮೇಲೆ ಬರುವ ಮಳೆಯ ಮೊದಲ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಧೂಳು, ಟೈರಿನ ರಬ್ಬರ್ ಪುಡಿ, ಎಣ್ಣೆ ಎಲ್ಲ ಕಲಸಿ ಲೋಳೆಯಾಗುತ್ತದೆ. ಜೋರು ಮಳೆ ಸುರಿದರೆ ಅದು ತೊಳೆದು ಹೋಗುತ್ತದೆ. ತುಂತುರು ಮಳೆ ತೊಳೆಯುವುದಿಲ್ಲ, ಬರೀ ಕಲಸುತ್ತದೆ. ಹಾಗಾಗಿ ತುಂತುರನ್ನು ಕಂಡರೆ ನನಗೆ ಜೋರು ಮಳೆಗಿಂತ ಜಾಸ್ತಿ ಭಯ.

ಹಿಡಿತ ಪರೀಕ್ಷೆ ಮಾಡುವ ಒಂದು ಸುಲಭ ಉಪಾಯ ಇದೆ. ಸರ್ಕಲ್‌ಗೆ ಮುಂಚೆ ನಿಲ್ಲಬೇಕಾಗಿ ಬಂದರೆ ಬೈಕಿನಿಂದ ಕಾಲು ಊರಿ ಶೂ ತಳವನ್ನು ರಸ್ತೆಗೆ ಉಜ್ಜಿ. ಗರಗರ ಅಂದರೆ ಪರವಾಗಿಲ್ಲ. ಸದ್ದಿಲ್ಲದೆ ಜಾರಿತೋ, ನಿಮ್ಮ ಟೈರಿಗೂ ಅದೇ ಗತಿ.

ಹಂತ 3: ನೇರ ಇರುವಾಗಲೇ ಬ್ರೇಕ್ ಮುಗಿಸಿ

ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗಾಡಿ ನೇರ ಇರುವಾಗ ಬ್ರೇಕ್. ತಿರುಗುವಾಗ ಬರೀ ತಿರುವು. ಒಂದು ಹೊತ್ತಿಗೆ ಒಂದೇ ಕೆಲಸ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತೀರಿ. ನಿಲ್ಲಿಸಬೇಕು ಅಂತ ತಲೆಗೆ ಹೊಳೆದು ಕಾಲು ಬ್ರೇಕ್ ಮೇಲೆ ಬೀಳುವಷ್ಟರಲ್ಲೇ ಆ 14 ಮೀಟರ್ ಕಳೆದಿರುತ್ತದೆ. ಅಲ್ಲಿಂದ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲಿ ಇನ್ನೂ 14 ಮೀಟರ್ ಬೇಕು. ಹಿಡಿತ 0.4ಕ್ಕೆ ಇಳಿದ ಒದ್ದೆ ರಸ್ತೆಯಲ್ಲಿ 25 ಮೀಟರ್. 0.2ಕ್ಕೆ ಇಳಿದರೆ ಸುಮಾರು 49. ದಿನಾ ಎಲ್ಲಿ ಬ್ರೇಕ್ ಹಾಕಲು ಶುರು ಮಾಡುತ್ತೀರೋ, ಮಳೆ ಬಂದಾಗ ಅದರ ಎರಡು ಪಟ್ಟು ದೂರದಲ್ಲಿ ಶುರು ಮಾಡಿ.

ಹಾಕುವ ರೀತಿಯೂ ಮುಖ್ಯ. ಮೊದಲು ಮೆಲ್ಲಗೆ ಒತ್ತಿ, ಗಾಡಿಯ ಭಾರ ಮುಂದಿನ ಚಕ್ರದ ಮೇಲೆ ಕೂರಲು ಬಿಡಿ, ಆಮೇಲೆ ಒತ್ತಡ ಹೆಚ್ಚಿಸಿ. ಕೊನೆಯಲ್ಲಿ ಮತ್ತೆ ಮೆಲ್ಲಗೆ ಬಿಡಿ. ಭಾರ ಕೂರುವ ಮುಂಚೆಯೇ ಗಬಕ್ಕನೆ ಹಿಡಿದರೆ ಎಬಿಎಸ್ ಇಲ್ಲದ ಬೈಕಿನ ಮುಂಚಕ್ರ ಅಲ್ಲೇ ಲಾಕ್. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗುವುದಿಲ್ಲ, ನಿಜ. ಆದರೆ ಅದು ರಸ್ತೆಗೆ ಹೊಸ ಹಿಡಿತ ತಂದುಕೊಡುವುದಿಲ್ಲ. ಬೈಕಿನ ಸಾಮಾನ್ಯ ಎಬಿಎಸ್‌ಗೆ ನೀವು ವಾಲಿದ್ದೀರಿ ಅನ್ನುವುದೂ ತಿಳಿಯುವುದಿಲ್ಲ.

ಸರ್ಕಲ್‌ಗಿಂತ ಬಹಳ ಮುಂಚೆ, ಹಿಂದೆ ಯಾರೂ ಇಲ್ಲದಾಗ, ಒಮ್ಮೆ ಹಗುರವಾಗಿ ಬ್ರೇಕ್ ಒತ್ತಿ ನೋಡುವ ಅಭ್ಯಾಸ ಒಳ್ಳೆಯದು. ಬ್ರೇಕ್ ಪ್ಯಾಡಿನ ಮೇಲಿನ ನೀರು ಒರೆಸಿದ ಹಾಗೂ ಆಗುತ್ತದೆ, ರಸ್ತೆ ಹೇಗಿದೆ ಅಂತ ಗೊತ್ತೂ ಆಗುತ್ತದೆ.

ಗೇರ್ ಇಳಿಸುವುದೂ ಇಲ್ಲೇ ಮುಗಿಯಲಿ. ಸರ್ಕಲ್ ಒಳಗೆ ವಾಲಿಕೊಂಡು ಗೇರ್ ಇಳಿಸಿ ಕ್ಲಚ್ ಪಟಕ್ಕನೆ ಬಿಟ್ಟರೆ ಎಂಜಿನ್ನೇ ಹಿಂಚಕ್ರಕ್ಕೆ ಬ್ರೇಕ್ ಹಾಕಿದ ಹಾಗೆ. ಹಿಂಭಾಗ ಪಕ್ಕಕ್ಕೆ ಜಿಗಿಯುತ್ತದೆ.

ಕೆಲವು ಕಡೆ ಸರ್ಕಲ್‌ಗೆ ಮುಂಚೆ ಒರಟಾದ, ಬಣ್ಣ ಬೇರೆ ಇರುವ ಹೊದಿಕೆ ಹಾಕಿರುತ್ತಾರೆ. ಸುಟ್ಟ ಬಾಕ್ಸೈಟ್ ಹರಳನ್ನು ರಾಳದಲ್ಲಿ ಅಂಟಿಸಿ ಮಾಡಿದ ಹೊದಿಕೆ ಅದು, ಹಿಡಿತ ಚೆನ್ನಾಗಿರುತ್ತದೆ. ಆದರೆ ಅದು ಕಿತ್ತು ಕಿತ್ತು ಬಂದಿದ್ದರೆ ಒಂದು ಚಕ್ರ ಒರಟಿನ ಮೇಲೆ, ಇನ್ನೊಂದು ನುಣುಪಿನ ಮೇಲೆ ಇರುತ್ತದೆ. ಬಣ್ಣ ಕಂಡ ಕೂಡಲೇ ನಂಬಬೇಡಿ, ಬರೀ ಬಣ್ಣ ಬಳಿದಿರುವ ಜಾಗಗಳೂ ಇರುತ್ತವೆ.

ಹಂತ 4: ಒಳಗೆ ಹೋಗಿ, ಸುತ್ತಿ

ಸರ್ಕಲ್ ಅಂದರೆ ಒಂದು ತಿರುವು ಅಂದುಕೊಳ್ಳುತ್ತೇವೆ. ನಿಜವಾಗಿ ಮೂರು. ಒಳಗೆ ಹೋಗುವಾಗ ಎಡಕ್ಕೆ, ಸುತ್ತುವಾಗ ಬಲಕ್ಕೆ, ಹೊರಬರುವಾಗ ಮತ್ತೆ ಎಡಕ್ಕೆ. ಗಾಡಿಯ ಭಾರ ಮೂರು ಸಲ ಮಗ್ಗುಲು ಬದಲಾಯಿಸುತ್ತದೆ. ಬೈಕಾದರೆ ಎಡಕ್ಕೆ ವಾಲಿ, ನೆಟ್ಟಗಾಗಿ, ಬಲಕ್ಕೆ ವಾಲಬೇಕು. ಈ ಬದಲಾವಣೆಯನ್ನು ಜರ್ರನೆ ಮಾಡಿದರೆ ಟೈರಿಗೆ ಕೂರಲು ಹೊತ್ತೇ ಸಿಗುವುದಿಲ್ಲ. ಸ್ಟೇರಿಂಗನ್ನು ತುಂಬಿದ ಕೊಡ ಹಿಡಿದವರ ಹಾಗೆ ತಿರುಗಿಸಿ.

ದಾರಿಯನ್ನು ಆದಷ್ಟು ದೊಡ್ಡ ಸುತ್ತು ಮಾಡಿಕೊಳ್ಳಿ. 30 ಕಿ.ಮೀ. ವೇಗದಲ್ಲಿ 20 ಮೀಟರ್ ತ್ರಿಜ್ಯ 0.35 ಹಿಡಿತ ಕೇಳಿದರೆ, 30 ಮೀಟರ್ ತ್ರಿಜ್ಯ ಕೇಳುವುದು 0.24 ಮಾತ್ರ. ಹಾಗಂತ ಪಕ್ಕದ ಲೇನಿಗೆ ನುಗ್ಗಬೇಡಿ. ನಿಮ್ಮ ಲೇನಿನ ಅಗಲದೊಳಗೇ ಮೊನಚು ತಿರುವನ್ನು ಮೆದು ತಿರುವು ಮಾಡಿಕೊಂಡರೆ ಸಾಕು.

ಒಳಗೆ ಇರುವಾಗ ಆಕ್ಸಿಲರೇಟರ್ ಒಂದೇ ಸಮ. ಏರಿಸುವುದೂ ಬೇಡ, ಪೂರ್ತಿ ಬಿಡುವುದೂ ಬೇಡ. ಕಣ್ಣು ನೀವು ಹೋಗಬೇಕಾದ ಕಡೆ ಇರಲಿ. ಎದುರಿನ ಮ್ಯಾನ್‌ಹೋಲ್ ಮುಚ್ಚಳವನ್ನೇ ದಿಟ್ಟಿಸಿದರೆ ಬೈಕು ಸೀದಾ ಅದರ ಮೇಲೇ ಹೋಗುತ್ತದೆ, ಇದು ಮಾಡಿ ನೋಡಿದವರಿಗೆ ಗೊತ್ತು. ಮುಚ್ಚಳ, ಪಟ್ಟೆ ತಪ್ಪಿಸಲು ಆಗಲೇ ಇಲ್ಲ ಅಂದರೆ ಅದರ ಮೇಲೆ ಹೋಗುವ ಆ ಅರೆಕ್ಷಣ ಬೈಕನ್ನು ಸ್ವಲ್ಪ ನೆಟ್ಟಗೆ ಮಾಡಿ, ದಾಟಿದ ಮೇಲೆ ಮತ್ತೆ ವಾಲಿಸಿ. ಸ್ಕೂಟರಿನವರು ಇನ್ನೂ ಎಚ್ಚರ ಇರಬೇಕು, ಚಿಕ್ಕ ಚಕ್ರ ಪ್ರತಿ ಗುಂಡಿಗೂ ಒಳಗಿಳಿದು ಮೇಲೇಳುತ್ತದೆ, ಅಷ್ಟು ಹೊತ್ತು ಹಿಡಿತ ಇಲ್ಲ.

ಲಾರಿ ಪಕ್ಕದಲ್ಲಿ ಸರ್ಕಲ್ ಸುತ್ತಬೇಡಿ. ಎತ್ತರಕ್ಕೆ ಲೋಡ್ ತುಂಬಿದ ಲಾರಿ ಒಣ ರಸ್ತೆಯಲ್ಲಿ ಜಾರುವ ಮುಂಚೆ ಮಗುಚುತ್ತದೆ. ಹಲವು ಲಾರಿಗಳಿಗೆ 0.4ಕ್ಕಿಂತ ಕಡಿಮೆ ಅಡ್ಡ ಬಲವೇ ಸಾಕು. ಮೇಲಿನ ಲೆಕ್ಕ ನೆನಪಿದೆಯಲ್ಲ, 30 ಕಿ.ಮೀ.ಗೆ 0.35. ಅರ್ಧ ತುಂಬಿದ ಟ್ಯಾಂಕರ್ ಆದರಂತೂ ಒಳಗಿನ ಎಣ್ಣೆಯೂ ಹೊರಗಡೆಗೆ ನುಗ್ಗುತ್ತದೆ.

ಹಂತ 5: ಹೊರಬರುವಾಗ ಆತುರ ಬೇಡ

ಸರ್ಕಲ್ ಆಯ್ತು ಅಂತ ಮನಸ್ಸು ಹಗುರಾಗುವ ಜಾಗ ಇದು. ಸ್ಟೇರಿಂಗ್ ಇನ್ನೂ ಎಡಕ್ಕೆ ತಿರುಗಿದೆ, ಕಾಲು ಆಗಲೇ ಆಕ್ಸಿಲರೇಟರ್ ಒತ್ತಿದೆ. ಹೊರಬರುವ ಬಾಯಲ್ಲೇ ಜೀಬ್ರಾ ಪಟ್ಟೆ ಬೇರೆ. ಬೈಕಿನ ಹಿಂಚಕ್ರ ಒದ್ದೆ ಬಿಳಿ ಪಟ್ಟೆಯ ಮೇಲೆ ಗಿರಕಿ ಹೊಡೆಯುವುದು ಇಲ್ಲೇ. ಗಾಡಿ ಪೂರ್ತಿ ನೇರವಾದ ಮೇಲೆ ವೇಗ ಏರಿಸಿ. ಪಟ್ಟೆಯ ಮೇಲೆ ಕಾಲಿಡುವವರೂ ಇರುತ್ತಾರೆ, ಹೇಗಿದ್ದರೂ ನಿಧಾನ ಇರಲೇಬೇಕು.

ಜಾರಿಯೇ ಬಿಟ್ಟರೆ

ಕಾರಿನಲ್ಲಿ ಎರಡು ಬಗೆಯ ಜಾರುವಿಕೆ, ಎರಡಕ್ಕೂ ಮದ್ದು ಬೇರೆ.

ಸ್ಟೇರಿಂಗ್ ತಿರುಗಿಸಿದ್ದೀರಿ, ಕಾರು ಮಾತ್ರ ಸೀದಾ ಹೋಗುತ್ತಿದೆ. ಮುಂದಿನ ಚಕ್ರ ಜಾರಿದೆ ಅಂತ ಅರ್ಥ. ಆಗ ಎಲ್ಲರೂ ಮಾಡುವುದು ಇನ್ನಷ್ಟು ತಿರುಗಿಸುವುದು. ಅದೇ ತಪ್ಪು. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟೇರಿಂಗನ್ನು ಸ್ವಲ್ಪ ವಾಪಸ್ ನೇರಕ್ಕೆ ತನ್ನಿ, ಕಾಯಿರಿ. ಕಾಯುವುದೇ ಕಷ್ಟ, ಅಲ್ವಾ? ಅರ್ಧ ಸೆಕೆಂಡು ಅರ್ಧ ಗಂಟೆ ಅನ್ನಿಸುತ್ತದೆ. ಚಕ್ರ ಮತ್ತೆ ಉರುಳಿದ ಕೂಡಲೇ ಹಿಡಿತ ಬರುತ್ತದೆ, ಆಗ ಮೆಲ್ಲಗೆ ತಿರುಗಿಸಿ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿಟ್ಟುಕೊಂಡಿದ್ದರೆ ಹಿಡಿತ ಬಂದ ಕ್ಷಣ ಕಾರು ಗಕ್ಕನೆ ಆ ಕಡೆ ಎಗರುತ್ತದೆ.

ಹಿಂಭಾಗ ಹೊರಗೆ ಬೀಸಿತು ಅಂದರೆ ಹಿಂದಿನ ಚಕ್ರ ಜಾರಿದೆ. ನೀವು ಹೋಗಬೇಕಾದ ಕಡೆ ನೋಡಿ, ಸ್ಟೇರಿಂಗನ್ನೂ ಆ ಕಡೆಗೇ ತಿರುಗಿಸಿ. ಅಂದರೆ ಹಿಂಭಾಗ ಎಡಕ್ಕೆ ಹೋದರೆ ಸ್ಟೇರಿಂಗೂ ಎಡಕ್ಕೆ. ಬ್ರೇಕ್ ಒದೆಯಬೇಡಿ. ಕ್ಲಚ್ ಇರುವ ಕಾರಾದರೆ ಕ್ಲಚ್ ಒತ್ತಿ, ಎಂಜಿನ್ ಎಳೆತ ತಪ್ಪುತ್ತದೆ. ಕಾರು ಸರಿಹೋಗುತ್ತಿದ್ದಂತೆ ಸ್ಟೇರಿಂಗನ್ನು ಅಷ್ಟೇ ಬೇಗ ನೇರಕ್ಕೆ ತನ್ನಿ, ಇಲ್ಲದಿದ್ದರೆ ಇನ್ನೊಂದು ಕಡೆಗೆ ಬೀಸುತ್ತದೆ. ಸ್ಥಿರತೆ ಕಾಯುವ ಇಎಸ್‌ಸಿ ಇರುವ ಕಾರು ಇದರಲ್ಲಿ ಬಹಳಷ್ಟನ್ನು ತಾನೇ ಮಾಡುತ್ತದೆ, ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ. ಆದರೂ ಸ್ಟೇರಿಂಗ್ ನಿಮ್ಮ ಕೈಯಲ್ಲೇ.

ಎರಡೂ ಕೈಗೂಡದೆ ಡಿಕ್ಕಿಯೇ ಖಚಿತ ಅನ್ನಿಸಿದರೆ, ಎಬಿಎಸ್ ಇರುವ ಕಾರಿನಲ್ಲಿ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಡಿ ನಡುಗುತ್ತದೆ, ಬಿಡಬೇಡಿ.

ಬೈಕಿನಲ್ಲಿ ಹಿಂಚಕ್ರ ಸ್ವಲ್ಪ ಜಾರಿದರೆ ಬದುಕಿಕೊಳ್ಳಬಹುದು. ಹಿಂದಿನ ಬ್ರೇಕ್ ಒತ್ತಿದ್ದರಿಂದ ಜಾರಿದ್ದರೆ ಮೆಲ್ಲಗೆ ಬಿಡಿ. ಆಕ್ಸಿಲರೇಟರ್‌ನಿಂದ ಜಾರಿದ್ದರೆ ಸ್ವಲ್ಪವೇ ಇಳಿಸಿ, ಪಟ್ಟನೆ ಮುಚ್ಚಬೇಡಿ. ಮುಚ್ಚಿದರೆ ಟೈರು ಒಮ್ಮೆಲೇ ಹಿಡಿದು ಬೈಕು ನಿಮ್ಮನ್ನು ಮೇಲಕ್ಕೆಸೆಯುತ್ತದೆ. ಮುಂಚಕ್ರ ಜಾರಿದರೆ? ಸತ್ಯ ಹೇಳಬೇಕೆಂದರೆ ಹೊತ್ತೇ ಸಿಗುವುದಿಲ್ಲ. ಮುಂದಿನ ಬ್ರೇಕ್ ಬಿಡುವುದೊಂದೇ ಉಪಾಯ, ಅದೂ ಹಿಡಿದಿದ್ದರೆ. ಬೈಕು ಹೋಗೇ ಹೋಯಿತು ಅಂದಮೇಲೆ ಹ್ಯಾಂಡಲ್ ಬಿಟ್ಟುಬಿಡಿ. ಅದರ ಅಡಿ ಕಾಲು ಸಿಕ್ಕಿಸಿಕೊಂಡು ಹೋಗುವುದಕ್ಕಿಂತ ಬೇರೆಯಾಗಿ ಜಾರುವುದು ವಾಸಿ. ಕೈ ಊರಲು ಹೋದರೆ ಮಣಿಕಟ್ಟು ಮುರಿಯುತ್ತದೆ. ನನ್ನ ಅಂಗೈ ಉಳಿದದ್ದು ಕೈಗವಸಿನಿಂದ, ಅದರ ಚರ್ಮ ಮಾತ್ರ ತೂತಾಗಿತ್ತು.

ಬಿದ್ದ ಮೇಲೆ

ಮೊದಲು ರಸ್ತೆಯಿಂದ ಪಕ್ಕಕ್ಕೆ ಬನ್ನಿ. ನೀವು ಜಾರಿದ ಜಾಗದಲ್ಲೇ ನಿಮ್ಮ ಹಿಂದಿನವರೂ ಜಾರುತ್ತಾರೆ, ಮತ್ತು ಜಾರಿ ನಿಮ್ಮ ಮೇಲೇ ಬರುತ್ತಾರೆ. ಬೈಕು ಎತ್ತುವುದು ಎರಡನೇ ಕೆಲಸ. ಬರುವ ಗಾಡಿಗಳಿಗೆ ಸರ್ಕಲ್‌ಗೆ ಮುಂಚೆಯೇ ಕಾಣುವ ಹಾಗೆ ನಿಂತು ಕೈ ಬೀಸಿ, ಅಪಾಯದ ದೀಪ ಹಾಕಿ. ಪೊಲೀಸರಿಗೋ ರಸ್ತೆ ನೋಡಿಕೊಳ್ಳುವವರಿಗೋ ಕರೆ ಮಾಡಿ ಯಾವ ಕಡೆಯಿಂದ ಒಳಬರುವ ಬಾಯಲ್ಲಿ ಎಣ್ಣೆ ಇದೆ ಅಂತ ಸರಿಯಾಗಿ ಹೇಳಿ. ಬರೀ 'ಸರ್ಕಲ್‌ನಲ್ಲಿ' ಅಂದರೆ ಅವರು ಇನ್ನೊಂದು ಕಡೆ ಹುಡುಕುತ್ತಾರೆ.

ಡೀಸೆಲ್ ಮೇಲೆ ನೀರು ಹೊಯ್ಯಬೇಡಿ, ಅದು ಹರಡುತ್ತದೆ. ಒಣ ಮರಳು, ಮರದ ಹೊಟ್ಟು ಹಾಕಿದರೆ ಹೀರಿಕೊಳ್ಳುತ್ತದೆ. ಆದರೆ ಹಾಕಿ ಹಾಗೇ ಬಿಟ್ಟುಹೋದರೆ ಆ ಮರಳೇ ಮುಂದಿನ ಬೈಕಿನವನನ್ನು ಬೀಳಿಸುತ್ತದೆ. ಎಣ್ಣೆ ಹೀರಿದ ಮೇಲೆ ಗುಡಿಸಿ ತೆಗೆಯಲೇಬೇಕು.

ಬೈಕು ಎತ್ತಿದ ಮೇಲೆ ಹ್ಯಾಂಡಲ್ ನೇರ ಇದೆಯಾ, ಬ್ರೇಕ್ ಲಿವರ್ ಬಾಗಿದೆಯಾ, ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ತಾನೇ ವಾಪಸ್ ಬರುತ್ತದೆಯಾ ನೋಡಿ. ಕೊನೆಯದಾಗಿ ಟೈರು. ಡೀಸೆಲ್ ಮೇಲೆ ಓಡಿದ ಟೈರಿನಲ್ಲಿ ಡೀಸೆಲ್ ಅಂಟಿಕೊಂಡೇ ಬರುತ್ತದೆ. ಬಟ್ಟೆಗೆ ಸೋಪು ನೀರು ಹಾಕಿ ಟೈರಿನ ಮೈ, ಎರಡೂ ಅಂಚು ಒರೆಸಿ. ಮೊದಲ ಕೆಲವು ಕಿಲೋಮೀಟರ್ ವಾಲದೆ ನಿಧಾನಕ್ಕೆ ಹೋಗಿ. ನಾನು ಅವತ್ತು ಹ್ಯಾಂಡಲ್ ನೋಡಿದೆ, ಲಿವರ್ ನೋಡಿದೆ, ಕನ್ನಡಿ ಒಡೆದದ್ದಕ್ಕೆ ಬೇಜಾರೂ ಮಾಡಿಕೊಂಡೆ. ಟೈರು ಒರೆಸಲಿಲ್ಲ. ಮುಂದಿನ ಸರ್ಕಲ್‌ನಲ್ಲಿ, 15 ಕಿ.ಮೀ. ವೇಗದಲ್ಲಿ, ಹಿಂಚಕ್ರ ಇನ್ನೊಮ್ಮೆ ಪಕ್ಕಕ್ಕೆ ಸರಿಯಿತು.